ಕಡ್ಡಿಗೆ ಕಾಣದ ಕೆನೆ

ಕದಿರೇನಹಳ್ಳಿ, ಬೆಂಗಳೂರು
14-6-1983, ಮಂಗಳವಾರ

ತಮ್ಮ ಚಿಕ್ಕಬೈರಪ್ಪನಿಗೆ ಅಕ್ಕ ಸೊಣ್ಣಮ್ಮ ಬರೆಯುವುದು.

ನಿನ್ನ ಕಾಗದ ಬಂತು. ಗುಜರಾತಿನ ಆ ಊರಿನಲ್ಲಿ ಮನೆ ಸಿಕ್ಕಿತು, ಬಾವಿ ನೀರು ಉಪ್ಪು, ಉಮಾಮಹೇಶ್ವರಿಗೆ ರಾಗಿ ಸಿಗುತ್ತಿಲ್ಲ ಎಂದು ಬರೆದಿದ್ದೀಯ. ಹಿಟ್ಟು ಪಾರ್ಸೆಲ್ ಮಾಡಿದರೆ ಹುಳ ಬೀಳುತ್ತದೆ. ಕಾಳನ್ನೇ ಕಳಿಸುತ್ತೇನೆ, ಅಲ್ಲೇ ಬೀಸಿಕೊಳ್ಳಿ. ಹೆಂಡತಿಯೊಬ್ಬಳ ಕೈಲೇ ಬೀಸಿಸಬೇಡ, ನೀನೂ ಒಂದು ಕೈ ಹಿಡಿ. ಆಫೀಸರ್ ಆದವನು ಬೀಸುವ ಕಲ್ಲು ಮುಟ್ಟಬಾರದು ಎಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಇವತ್ತು ಬನಶಂಕರಿ ಅಮ್ಮನ ಗುಡಿಗೆ ಹೋಗಿ ನಿನ್ನ ಹೆಸರಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದೆ. ಪೂಜಾರರು "ತಮ್ಮನಿಗೆ ಏನು ಕೆಲಸ ತಾಯಿ?" ಎಂದು ಕೇಳಿದರು. ಗಾಳಿ ಕೆಡದ ಹಾಗೆ ನೋಡಿಕೊಳ್ಳುವ ಸೆಂಟ್ರಲ್ ಗೌರ್ಮೆಂಟಿನ ಮಂಡಳಿ ಎಂದು ನೀನು ಹೇಳಿಕೊಟ್ಟಿದ್ದೆ. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. "ಗಾಳಿ ಅಳೀತಾನೆ ಸ್ವಾಮಿ" ಅಂದುಬಿಟ್ಟೆ. ಹಿಂದೆ ನಿಂತಿದ್ದ ಪಕ್ಕದ ಮನೆ ಕೆಂಪಕ್ಕ ಕಿಸಕ್ಕನೆ ನಕ್ಕಳು. ದಾರಿಯುದ್ದಕ್ಕೂ ಬಿಡಲಿಲ್ಲ.

"ಗಾಳಿ ಅಳ್ಯಾಕೂ ಗೌರ್ಮೆಂಟು ಸಂಬ್ಳ ಕೊಡ್ತದಾ ಸೊಣ್ಣಮ್ಮ? ಸೇರಲ್ಲಿ ಅಳೀತಾನಾ, ಮೊಳ ಹಾಕ್ತಾನಾ?"

"ಮೊದ್ಲು ನಿನ್ನ ಬಾಯಿಂದ ಬರೋ ಗಾಳಿ ಅಳೀಬೇಕು ಅಂತವ್ನೆ, ನಡಿ" ಅಂದೆ.

ಬೈದದ್ದೇನೋ ಆಯಿತು, ನನಗೂ ತಿಳಿಯದು ನೋಡು. ಗ್ಯಾಸಿನ ಕಾರ್ಖಾನೆ ಎಂದಿದ್ದೀಯಲ್ಲ, ಜಯನಗರದ ಮನೆಗಳಲ್ಲಿ ಕೆಂಪು ಸಿಲಿಂಡರಿನಲ್ಲಿ ಬರುತ್ತದಲ್ಲ, ಅದೇ ಗ್ಯಾಸೇ? ಅದನ್ನು ಅಳೆಯುವುದಕ್ಕೆ ಇಲ್ಲಿಂದ ಅಲ್ಲಿಗೆ ಕಳಿಸಬೇಕೇ? ತಿಳಿಯುವ ಹಾಗೆ ಬರೆ. ನಾಲ್ಕನೇ ಕ್ಲಾಸಿನವಳಿಗೆ ಬರೆಯುತ್ತಿದ್ದೇನೆ ಎಂದು ನೆನಪಿರಲಿ.

ನಿಮ್ಮ ಭಾವ ಆರಾಮ. ಹಸು ಗೌರಿ ಒಂದೇ ಉಳಿದಿದೆ. ಮೇಯುತ್ತಿದ್ದ ಕಡೆಯೆಲ್ಲ ಪದ್ಮನಾಭನಗರದ ಸೈಟು ಕಲ್ಲು ನೆಟ್ಟಿದ್ದಾರೆ. ಅದಕ್ಕೆ ಅದು ತಿಳಿಯದೆ ಕಲ್ಲನ್ನೇ ಮೂಸಿ ಬರುತ್ತದೆ.

ಅಮ್ಮ ನಿಮ್ಮಿಬ್ಬರನ್ನೂ ಕಾಯಲಿ.
ಅಕ್ಕ


ಖಾರಾವಾಡ, ಗುಜರಾತ್
2-7-1983

ಪ್ರೀತಿಯ ಅಕ್ಕನಿಗೆ,

ಕೆಂಪಕ್ಕನಿಗೆ ಹೇಳು: ಸೇರೂ ಅಲ್ಲ, ಮೊಳವೂ ಅಲ್ಲ. ಹತ್ತು ಲಕ್ಷ ಪಾಲು ಹೊಗೆಯಲ್ಲಿ ವಿಷ ಎಷ್ಟು ಪಾಲು ಎಂದು ಅಳೆಯುತ್ತೇವೆ.

ಸಿಲಿಂಡರಿನ ಗ್ಯಾಸಲ್ಲ ಅಕ್ಕ. ಇಲ್ಲಿ ಭೂಮಿಯೊಳಗಿಂದ ಬರುವ ಗ್ಯಾಸನ್ನು ಉರಿಸಿ ಕರೆಂಟು ಮಾಡುತ್ತಾರೆ. ಆ ಯಂತ್ರಕ್ಕೆ ಟರ್ಬೈನು ಎಂದು ಹೆಸರು. ಏರೋಪ್ಲೇನಿನ ಎಂಜಿನನ್ನು ತಂದು ನೆಲಕ್ಕೆ ಕಟ್ಟಿಹಾಕಿದ್ದಾರೆ ಎಂದುಕೋ, ಸದ್ದೂ ಹಾಗೇ ಇದೆ. ಗ್ಯಾಸಿನಲ್ಲಿ ಕೊಳೆ ಇಲ್ಲ. ತೊಂದರೆ ಇರುವುದು ಬೆಂಕಿಯ ಕಾವಿನಲ್ಲಿ. ಉರಿ ಅತಿಯಾಗಿ ಕಾದರೆ, ನಾವು ದಿನವೂ ಉಸಿರಾಡುವ ಗಾಳಿಯೇ ಅದರೊಳಗೆ ಕೆಟ್ಟು ನೈಟ್ರೋಜನ್ ಆಕ್ಸೈಡ್ ಎಂಬ ವಿಷವಾಗಿ ಚಿಮಣಿಯಿಂದ ಹೊರಬರುತ್ತದೆ. ಗಾಳಿಯಲ್ಲಿ ಕಂದು ಬಣ್ಣ ಕಟ್ಟುತ್ತದೆ. ಎದೆಗೆ ಒಳ್ಳೆಯದಲ್ಲ, ಮಕ್ಕಳಿಗಂತೂ ಇನ್ನೂ ಕೆಟ್ಟದ್ದು.

ಇದಕ್ಕೆ ಮದ್ದು ಸುಲಭ. ಉರಿಯೊಳಕ್ಕೆ ಬಲು ಶುದ್ಧವಾದ ನೀರನ್ನು ತುಂತುರು ತುಂತುರಾಗಿ ಬಿಡಬೇಕು. ಆಗ ಕಾವು ಇಳಿಯುತ್ತದೆ, ವಿಷ ಹುಟ್ಟುವುದು ಕಡಿಮೆಯಾಗುತ್ತದೆ.

ಈ ಬಗೆಯ ಯಂತ್ರಕ್ಕೆ ನಮ್ಮ ಮಂಡಳಿ ಇದೇ ಮೊದಲ ಸಲ ಕಟ್ಟಳೆ ಹಾಕಿದೆ: ಹತ್ತು ಲಕ್ಷ ಪಾಲಿಗೆ ನೂರು ಪಾಲು, ಅದಕ್ಕಿಂತ ಹೆಚ್ಚು ಬಿಡಬಾರದು. ಪರೀಕ್ಷೆಯ ಹೊಣೆ ನನ್ನದು. ಅಕ್ಟೋಬರ್ ಮೂವತ್ತೊಂದರೊಳಗೆ ನಾನು "ಸರಿಯಿದೆ" ಎಂದು ಸಹಿ ಹಾಕಿದರೆ ಕಾರ್ಖಾನೆಗೆ ಐದು ವರ್ಷದ ಅನುಮತಿ. ಆ ಐದು ವರ್ಷ ಯಾರೂ ಆ ಚಿಮಣಿ ಹತ್ತಿ ನೋಡುವುದಿಲ್ಲ. ನಿನ್ನ ತಮ್ಮನ ಸಹಿಗೆ ಇಷ್ಟು ತೂಕ ಬಂದಿದೆ. ಭಾವನಿಗೂ ಹೇಳು.

ನೀರು ನಿಜವಾಗಿಯೂ ಉಪ್ಪು. ಸಾರು ಮಾಡಿದರೆ ಉಪ್ಪು ಹಾಕುವುದೇ ಬೇಡ ಎಂದು ಉಮಾ ನಗುತ್ತಾಳೆ.

ನಿನ್ನ
ಬೈರ


ಕದಿರೇನಹಳ್ಳಿ
16-7-1983

ಬೈರನಿಗೆ,

ಈಗ ತಿಳಿಯಿತು. ಇದನ್ನು ಹೇಳಲು ಅಷ್ಟುದ್ದ ಬರೆಯಬೇಕಿತ್ತೇ? ಹಾಲು ಉಕ್ಕಿ ಬಂದಾಗ ನಾಲ್ಕು ಹನಿ ನೀರು ಚಿಮುಕಿಸುತ್ತೇವೆ, ತಟ್ಟನೆ ಕೆಳಗೆ ಕೂರುತ್ತದೆ. ಒಲೆ ಆರುವುದಿಲ್ಲ, ಹಾಲಿನ ಹಾರಾಟ ಮಾತ್ರ ನಿಲ್ಲುತ್ತದೆ. ನಿಮ್ಮ ಯಂತ್ರಕ್ಕೆ ಮಾಡುವುದೂ ಅದನ್ನೇ. ಓದಿದವರು ಕಂಡುಹಿಡಿದಿದ್ದೆಂದರೆ ಇದೇ? ನಮ್ಮ ಅವ್ವನಿಗೇ ಗೊತ್ತಿತ್ತು.

ನಿಮ್ಮ ಭಾವನಿಗೆ ಓದಿ ಹೇಳಿದೆ. "ಬೈರನ ಸಹಿಗೆ ಅಷ್ಟು ಬೆಲೆಯಾ? ನಮ್ಮನೆ ರೇಷನ್ ಕಾರ್ಡಿಗೂ ಒಂದು ಹಾಕಿಸ್ಕೋಬೇಕಿತ್ತು" ಅಂದರು. ಒಳಗೊಳಗೇ ಹಿಗ್ಗಿದ್ದಾರೆ. ಸಂಜೆ ಅರಳಿಕಟ್ಟೆಯಲ್ಲಿ ಕೂತು ಎಲ್ಲರಿಗೂ ಟರ್ಬೈನು ಎಂದರೆ ಏನೆಂದು ಪಾಠ ಹೇಳುತ್ತಿದ್ದರು. ಅರ್ಧ ತಪ್ಪು.

ಆ ಯಂತ್ರಕ್ಕೆ ಆಯುಧಪೂಜೆ ಮಾಡುತ್ತಾರೋ ಇಲ್ಲವೋ? ಈ ಕಾಗದದಲ್ಲಿ ಅಮ್ಮನ ಕುಂಕುಮ ಮಡಿಸಿ ಇಟ್ಟಿದ್ದೇನೆ. ಯಂತ್ರಕ್ಕೆ ಬೇಡ ಎಂದರೆ ನಿನ್ನ ಅಳೆಯುವ ಪೆಟ್ಟಿಗೆಗೆ ಇಡು. ಚಿಮಣಿ ಹತ್ತುವಾಗ ಕೆಳಗೆ ನೋಡಬೇಡ. ಚಿಕ್ಕವನಿದ್ದಾಗ ಸೀಬೆ ಮರ ಹತ್ತಿ ಇಳಿಯಲು ಬಾರದೆ ಅತ್ತವನು ನೀನು.

ಅಕ್ಕ


ಖಾರಾವಾಡ
20-8-1983

ಪ್ರೀತಿಯ ಅಕ್ಕನಿಗೆ,

ಪರೀಕ್ಷೆ ಆಯಿತು. ಮೂರು ದಿನ ಮೂರು ಸಲ ಅಳೆದೆ. ಎಪ್ಪತ್ತು, ಅರವತ್ತೊಂಬತ್ತು, ಎಪ್ಪತ್ತೊಂದು. ನೂರಕ್ಕೆ ಬಹಳ ಕೆಳಗೇ ಇದೆ. ಚಿಮಣಿಯ ನಡು ಎತ್ತರದಲ್ಲಿ ಅವರೇ ಏಣಿ, ಕಟಕಟೆ ಎಲ್ಲ ಕಟ್ಟಿಸಿ, ನನ್ನ ಕೊಳವೆ ತೂರಿಸಲು ಅಳತೆಗೆ ಸರಿಯಾಗಿ ತೂತು ಕೊರೆಸಿ ಇಟ್ಟಿದ್ದರು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನೂ ಬರೆಯಬೇಕು. ಅದನ್ನು ಅವರ ಕಂಟ್ರೋಲ್ ರೂಮಿನ ಮೀಟರ್ ನೋಡಿ ಬರೆದುಕೊಂಡೆ. ನೀವು ಮೇಲೆ ಹೋಗಿ ಸುಮ್ಮನೆ ಬಿಸಿಲಲ್ಲಿ ಏಕೆ ಬೇಯುತ್ತೀರಿ ಎಂದು ಚಹಾ ತರಿಸಿಕೊಟ್ಟರು.

ಮ್ಯಾನೇಜರ್ ಸಾಹೇಬರು ಒಳ್ಳೆಯವರು. "ನೀವು ಬಹಳ ಕಟ್ಟುನಿಟ್ಟು" ಎಂದರು. ನಾನು ಎಲ್ಲಾ ಕಡೆ ಹೇಳುವುದನ್ನೇ ಅವರಿಗೂ ಹೇಳಿದೆ: "ನಮ್ಮಕ್ಕ ಹಾಲು ಮಾರಿ ನನ್ನನ್ನು ಬಿಎಸ್ಸಿ ಓದಿಸಿದಳು. ಉಕ್ಕಿದ ಹಾಲಿಗೆ ಚಿಮುಕಿಸಿದ್ದು ಬಿಟ್ಟರೆ ಒಂದು ಹನಿ ನೀರು ಹಾಕಿದವಳಲ್ಲ. ನಾನು ಅವಳ ತಮ್ಮ." ಅವರು ಎದ್ದು ನಿಂತು ನಿನಗೆ ನಮಸ್ಕಾರ ತಿಳಿಸಿದ್ದಾರೆ ಅಕ್ಕ.

ಒಂದೇ ಒಂದು ವಿಷಯ ಮನಸ್ಸಿಗೆ ಕೂರುತ್ತಿಲ್ಲ. ಬೆಳಗ್ಗೆ ಬಿಸಿಲು ಏರುವ ಹೊತ್ತಿಗೆ ಚಿಮಣಿಯ ತುದಿಯಲ್ಲಿ ಕಂದು ಬಣ್ಣ ಕಾಣುತ್ತದೆ. ಎಪ್ಪತ್ತಿದ್ದರೆ ಕಾಣಬಾರದು. ಕಣ್ಣಿನ ಭ್ರಮೆಯೋ ಏನೋ. ಕಾಗದದ ಮೇಲೆ ಎಲ್ಲ ಸರಿಯಿದೆ.

ನಿನ್ನ
ಬೈರ

(ಅಕ್ಕ, ಮೂಲೆಯಲ್ಲಿ ಜಾಗ ಇತ್ತು ಅಂತ ನಾನು ಉಮಾ ಬರೀತಿದ್ದೀನಿ. ಇವರು ಹೇಳೋದಿಲ್ಲ. ತಿಂಗಳಿಂದ ಇವರಿಗೆ ಕೆಮ್ಮು ಬಿಟ್ಟಿಲ್ಲ. ಮನೆಯೊಡತಿ, ಮಾಸಿ ಅಂತೀವಿ, ಅವರ ಮೊಮ್ಮಗುವಿಗೂ ಹಾಗೇ, ಎದೆ ಸೊಂಯ್ ಅನ್ನುತ್ತೆ. ಗಾಳಿ ನಮ್ಮ ಬೀದಿ ಕಡೆಗೇ ಬೀಸೋದು.)


ಕದಿರೇನಹಳ್ಳಿ
12-9-1983

ಬೈರನಿಗೆ,

ಗಣೇಶನ ಹಬ್ಬ ಆಯಿತು. ಕಡುಬು ಚೆನ್ನಾಗಿ ಬಂದಿತ್ತು. ಕೆಮ್ಮಿಗೆ ಮೆಣಸು, ಶುಂಠಿ, ಬೆಲ್ಲ ಕುದಿಸಿ ಕುಡಿ. ಆ ಮಗುವಿಗೆ ಎದೆಗೆ ಬೆಚ್ಚಗೆ ಎಣ್ಣೆ ಸವರಲು ಹೇಳು.

ನಿನ್ನ ಕಾಗದಕ್ಕೆ ಬೇಗ ಉತ್ತರ ಬರೆಯಲಾಗಲಿಲ್ಲ. ಎರಡು ಇನ್‌ಲ್ಯಾಂಡ್ ಕಾಗದ ಬರೆದು ಕೆಡಿಸಿದೆ. ಹಬ್ಬದ ಕೆಲಸ.

ಒಂದು ಮಾತು. ಆ ಕಾಗದಕ್ಕೆ ಈಗಲೇ ಸಹಿ ಹಾಕಬೇಡ. ಇನ್ನೂ ದಿನ ಇದೆಯಲ್ಲ, ಇರಲಿ. ಯಾಕೆ ಎಂದು ಕೇಳಬೇಡ. ಹಾಕಬೇಡ ಅಷ್ಟೇ.

ಮ್ಯಾನೇಜರರ ಮುಂದೆ ನನ್ನ ಮಾತು ಎತ್ತಬೇಡ.

ಅಕ್ಕ


ಖಾರಾವಾಡ
24-9-1983

ಅಕ್ಕನಿಗೆ,

ನಿನ್ನ ಕಾಗದ ಓದಿ ನಗುವೂ ಬಂತು, ಸ್ವಲ್ಪ ಬೇಸರವೂ ಆಯಿತು. ಯಾರಾದರೂ ಪೂಜಾರರು ನನ್ನ ನಕ್ಷತ್ರಕ್ಕೆ ಈಗ ಕಾಲ ಸರಿಯಿಲ್ಲ ಎಂದರೇ? ಸರ್ಕಾರಿ ಕಡತ ರಾಹುಕಾಲ ನೋಡುವುದಿಲ್ಲ ಅಕ್ಕ. ನಮ್ಮ ಮೇಲಧಿಕಾರಿಗಳು ವಾರಕ್ಕೆ ಎರಡು ಸಲ ಕೇಳುತ್ತಿದ್ದಾರೆ. "ಮೂರು ಸಲ ಅಳೆದಿದ್ದೀರಿ, ಮೂರು ಸಲವೂ ಸರಿಯಿದೆ, ಇನ್ನೇನು ಬೇಕು?" ಚಿಮಣಿಯ ಬಣ್ಣ ನೋಡಿದರೆ ಸಂಶಯ ಬರುತ್ತದೆ ಎಂದರೆ, ನಿಮ್ಮ ಕಣ್ಣು ದೊಡ್ಡದೋ ಯಂತ್ರ ದೊಡ್ಡದೋ ಎನ್ನುತ್ತಾರೆ.

ಕೆಮ್ಮು ಏನಿಲ್ಲ, ಉಮಾ ಸುಮ್ಮನೆ ಹೆದರಿಸುತ್ತಾಳೆ. ಮಗುವನ್ನು ಮಾತ್ರ ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಈಗ ಮನೆಗೆ ಬಂದಿದೆ.

ನಿನ್ನ ಮಾತು ಎತ್ತಬೇಡ ಎಂದೆಯಲ್ಲ, ಅದು ಮಾತ್ರ ಆಗುವುದಿಲ್ಲ. ಅಪ್ಪ ಅವ್ವ ಬಿಟ್ಟು ಹೋದದ್ದು ಏನೂ ಇಲ್ಲ. ನನಗಿರುವ ಆಸ್ತಿ ಅದೊಂದೇ ಮಾತು.

ಹದಿನೈದು ದಿನ ನೋಡಿ ಸಹಿ ಹಾಕಿ ಕಳಿಸಿಬಿಡುತ್ತೇನೆ.

ಬೈರ


ಕದಿರೇನಹಳ್ಳಿ
3-10-1983

ಬೈರನಿಗೆ,

ಈ ಕಾಗದವನ್ನು ಉಮಾಳ ಮುಂದೆ ಓದಬೇಡ. ಆಮೇಲೆ ಬೇಕಾದರೆ ನೀನೇ ಹೇಳು.

ಬೆಳಗ್ಗೆ ಸ್ನಾನ ಮಾಡಿ ದೀಪ ಹಚ್ಚಿ ಅಮ್ಮನ ಪಟದ ಮುಂದೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಕೂತು ಸುಳ್ಳು ಬರೆಯಲು ಕೈ ಬಾರದು.

ನೀನು ಬಿಎಸ್ಸಿ ಕಡೆಯ ವರ್ಷದಲ್ಲಿದ್ದಾಗ, ಕಾರ್ತಿಕ ಮಾಸದಲ್ಲಿ ದೊಡ್ಡ ಹಸು ಹಾಲು ಬತ್ತಿಸಿತು. ನನಗೆ ಜಯನಗರದಲ್ಲಿ ಒಂಬತ್ತು ಮನೆ ವರ್ತನೆ. ದಿನಾ ತಪ್ಪದೆ ಹಾಲು ಹಾಕಲೇಬೇಕು. ಎರಡು ದಿನ ತಪ್ಪಿಸಿದರೆ ಡೈರಿಯ ಬಾಟ್ಲಿ ಹಾಲಿಗೆ ಹೋಗಿಬಿಡುತ್ತಿದ್ದರು. ಇದ್ದದ್ದು ಆರು ಮನೆಯ ಹಾಲು. ನಾನು ಒಂಬತ್ತು ಮನೆಗೆ ಹಾಕಿದೆ. ಹೇಗೆ ಎಂದು ನೀನು ಕೇಳಲಿಲ್ಲ, ನೀನು ಓದುತ್ತಿದ್ದೆ.

ನೀರು ಹಾಕಿದೆ ಬೈರ. ಒಂದು ಹನಿ ಅಲ್ಲ, ಚೆಂಬುಗಟ್ಟಲೆ.

ಬರೀ ನೀರು ಹಾಕಿದ್ದರೆ ಸಿಕ್ಕಿಬೀಳುತ್ತಿದ್ದೆ. ಆಗ ಕಾರ್ಪೊರೇಷನ್ನಿನ ಇನ್‌ಸ್ಪೆಕ್ಟರು ದಾರಿಯಲ್ಲಿ ನಿಲ್ಲಿಸಿ ಹಾಲಿಗೆ ಗಾಜಿನ ಕಡ್ಡಿ ಬಿಡುತ್ತಿದ್ದರು, ಲ್ಯಾಕ್ಟೋಮೀಟರು. ನೀರು ಬೆರೆಸಿದ್ದರೆ ಕಡ್ಡಿ ಮುಳುಗುತ್ತದೆ. ಆದರೆ ಹಾಲಿನ ಕೆನೆ ತೆಗೆದುಬಿಟ್ಟರೆ ಅದೇ ಕಡ್ಡಿ ಮೇಲೇಳುತ್ತದೆ. ಸಂಜೆ ಕರೆದ ಹಾಲನ್ನು ಚಳಿಗೆ ಇಟ್ಟು, ಬೆಳಗ್ಗೆ ಮೇಲಿನ ಕೆನೆ ಎತ್ತಿ, ಎತ್ತಿದ್ದಕ್ಕೆ ತಕ್ಕಷ್ಟು ನೀರು ಹಾಕಿದರೆ ಕಡ್ಡಿ ಸರಿಯಾಗಿ ಗೆರೆಯ ಮೇಲೆ ನಿಲ್ಲುತ್ತದೆ. ಇನ್‌ಸ್ಪೆಕ್ಟರು "ಸೊಣ್ಣಮ್ಮನ ಹಾಲು ಅಂದ್ರೆ ಹಾಲು" ಎನ್ನುತ್ತಿದ್ದರು. ನಾನೇ ಚೆಂಬು ತೊಳೆದು, ಹಾಲು ಬಗ್ಗಿಸಿ, ಅವರ ಕೈಗೆ ಕೊಡುತ್ತಿದ್ದೆ. ನಿನಗೆ ತೂತು ಕೊರೆದು ಇಟ್ಟ ಹಾಗೆ.

ಕಾರ್ತಿಕದಿಂದ ಶಿವರಾತ್ರಿವರೆಗೆ ಹೀಗೆ ನಡೆಯಿತು. ಶಿವರಾತ್ರಿಗೆ ಇನ್ನೊಂದು ಹಸು ಕರು ಹಾಕಿತು, ಅವತ್ತೇ ನಿಲ್ಲಿಸಿದೆ.

ಕಡ್ಡಿಗೆ ತಿಳಿಯದ್ದು ಒಬ್ಬರಿಗೆ ತಿಳಿಯಿತು. ನಾಲ್ಕನೇ ಬ್ಲಾಕಿನ ಗಿರಿಜಾದೇವಮ್ಮ. ಅವರು ಕಡ್ಡಿ ಬಿಡುವವರಲ್ಲ. ಕಾಯಿಸಿ, ಆರಿಸಿ, ಮೇಲೆ ಎಷ್ಟು ಕೆನೆ ಕಟ್ಟಿತು ಎಂದು ನೋಡುವವರು. ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು "ನಾಳೆಯಿಂದ ಬೇಡ ಸೊಣ್ಣಮ್ಮ" ಅಂದರು. ಯಾಕೆಂದು ಹೇಳಲಿಲ್ಲ, ಬೈಯಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಾನು ಆ ಬೀದಿಯಲ್ಲಿ ಕಾಲಿಟ್ಟಿಲ್ಲ. ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿಗೆ ಹೋಗುವಾಗಲೂ ಸುತ್ತಿಕೊಂಡು ಹೋಗುತ್ತೇನೆ.

ನಿನ್ನ ಆಗಸ್ಟ್ ತಿಂಗಳ ಕಾಗದ ಓದಿದಾಗಲೇ ನನಗೆ ಆ ಕಡ್ಡಿ ನೆನಪಾಯಿತು. ಅಂಕಿ ಸರಿ, ಬಣ್ಣ ಸರಿಯಿಲ್ಲ. ಅವರೇ ತೋರಿಸಿದ ತೂತು, ಅವರದ್ದೇ ಮೀಟರು. ಕಡ್ಡಿ ಗೆರೆಯ ಮೇಲೆ ನಿಂತಿದೆ ಬೈರ, ಕೆನೆ ನೋಡಿದೆಯಾ? ಒಂದನ್ನೇ ಅಳೆಯುವವನಿಗೆ ಮೋಸ ಮಾಡುವುದು ಎಷ್ಟು ಸುಲಭ ಎಂದು ನನ್ನನ್ನು ಕೇಳು. ಹಾಲಿಗಾದರೆ ನೀರು. ಹೊಗೆಗೆ ಏನು ಬೆರೆಸುತ್ತಾರೋ ನನಗೆ ತಿಳಿಯದು. ಪುಕ್ಕಟೆ ಸಿಗುವುದು ಗಾಳಿ ತಾನೆ?

ಇದನ್ನು ಹೇಳದೆ ಬರೀ "ಸಹಿ ಹಾಕಬೇಡ" ಎಂದು ಬರೆದು ತಪ್ಪಿಸಿಕೊಳ್ಳಲು ನೋಡಿದೆ. ಅದು ಆಗಲಿಲ್ಲ. ನಿನ್ನ ಆಸ್ತಿ ಎಂದೆಯಲ್ಲ ಆ ಮಾತು, ಅದು ಹೋಯಿತು. ಆ ಮಗುವಿನ ಎದೆಗಿಂತ ದೊಡ್ಡದಲ್ಲ.

ಅಕ್ಕ


ಕದಿರೇನಹಳ್ಳಿ
28-10-1983
(ಕಾರ್ಡು)

ಬೈರನಿಗೆ, ನವರಾತ್ರಿಯೂ ಮುಗಿಯಿತು, ನಿನ್ನಿಂದ ಕಾಗದ ಇಲ್ಲ. ಪೋಸ್ಟಿನವರು ದಿನಾ "ಇಲ್ಲ ಕಣಮ್ಮ" ಎಂದು ಕೇಳುವ ಮೊದಲೇ ಕೈ ಆಡಿಸುತ್ತಾರೆ. ಸಿಟ್ಟಿದ್ದರೆ ಸಿಟ್ಟೆಂದೇ ಬರೆ. ಕಾರ್ಡಾದರೂ ಹಾಕು. ಮಗು ಹೇಗಿದೆ? ಕೆಂಪಕ್ಕ ಓದುತ್ತಾಳೆಂದು ಹೆಚ್ಚು ಬರೆದಿಲ್ಲ. —ಅಕ್ಕ


ಖಾರಾವಾಡ
5-11-1983

ಅಕ್ಕಾ,

ನಿನ್ನ ಕಾರ್ಡು ಇವತ್ತು ಬಂತು. ಆ ಕಾಗದ ಅಕ್ಟೋಬರ್ ಹನ್ನೊಂದಕ್ಕೇ ಸಿಕ್ಕಿತ್ತು. ಕಡತ ಮೇಜಿನ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದಿದ್ದೆ ಎಂದರೂ ನಡೆಯುತ್ತದೆ.

ಸುಳ್ಳು ಹೇಳುವುದಿಲ್ಲ, ನಿನ್ನ ಮೇಲೆ ಸಿಟ್ಟು ಬಂತು. ನೀರು ಹಾಕಿದ್ದಕ್ಕಲ್ಲ. ಹದಿನೇಳು ವರ್ಷ ನನ್ನ ಬಾಯಲ್ಲಿ ಊರೂರಿಗೆ ಆ ಮಾತು ಆಡಿಸಿ ನೀನು ಸುಮ್ಮನಿದ್ದುದಕ್ಕೆ. ಎರಡು ದಿನ ಊಟ ಸೇರಲಿಲ್ಲ. ಉಮಾ ಕೇಳಿದರೆ ಅವಳ ಮೇಲೆ ರೇಗಿದೆ. ಮೂರನೆಯ ದಿನ ನನ್ನ ಪೆಟ್ಟಿಗೆ ಹೊತ್ತುಕೊಂಡು, ಯಾರಿಗೂ ಹೇಳದೆ ಕಾರ್ಖಾನೆಗೆ ಹೋದೆ.

ಗಾಳಿಯೇ ಅಕ್ಕ. ನೀನು ಅಲ್ಲಿ ಕೂತು ಹೇಳಿದ್ದೇ ಸರಿ.

ಯಂತ್ರಕ್ಕೂ ಅವರು ಕೊರೆದ ತೂತಿಗೂ ನಡುವೆ ಚಿಮಣಿಯ ಹಿಂಬದಿಯಲ್ಲಿ ಒಂದು ಬಾಗಿಲು, ಅದಕ್ಕೊಂದು ದೊಡ್ಡ ಫ್ಯಾನು. ಚಿಮಣಿ ತಂಪಾಗಿರಲಿ ಎಂದು ಇಟ್ಟಿದ್ದಂತೆ. ಹೊರಗಿನ ಗಾಳಿ ಅದರಿಂದ ಒಳಕ್ಕೆ ನುಗ್ಗಿ ಹೊಗೆಯನ್ನು ತೆಳು ಮಾಡುತ್ತಿತ್ತು. ತೆಳುವಾದದ್ದನ್ನು ನಾನು ಅಳೆಯುತ್ತಿದ್ದೆ. ಆಮ್ಲಜನಕದ ಮೀಟರನ್ನು ಮಾತ್ರ ಆ ಬಾಗಿಲಿಗಿಂತ ಮೊದಲೇ ಇಟ್ಟಿದ್ದರು. ಆದ್ದರಿಂದ ಗಾಳಿ ಬೆರೆತದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಹೊರಗಿನ ಗಾಳಿ ಬೆರೆತಷ್ಟೂ ಹೊಗೆಯಲ್ಲಿ ಆಮ್ಲಜನಕ ಏರಬೇಕು; ಆ ಮೀಟರು ನೂರಕ್ಕೆ ಹದಿನೈದು ತೋರಿಸುತ್ತಿತ್ತು. ನನ್ನ ತೂತಿನಲ್ಲೇ ನಾನೇ ಅಳೆದೆ, ಹದಿನೆಂಟು. ಅಷ್ಟು ಗಾಳಿ ಬೆರೆತಿದೆ ಎಂದು ಲೆಕ್ಕ ಹಿಡಿದು ಹಿಂದಕ್ಕೆ ಎಣಿಸಿದರೆ, ಎಪ್ಪತ್ತು ಎಂದದ್ದು ನೂರ ನಲವತ್ತೆರಡು. ಪುಸ್ತಕದಲ್ಲಿ ಓದಿದ್ದ ಲೆಕ್ಕವೇ. ಚಹಾ ಕುಡಿಯುತ್ತಾ ಮರೆತಿದ್ದೆ.

ಆಮೇಲೆ ನೀರಿನ ಪಂಪಿನ ಮನೆಗೆ ಹೋದೆ. ಬೀಗದ ಮೇಲೆ ಜೇಡರ ಬಲೆ. ಶುದ್ಧ ನೀರು ಮಾಡುವುದು ಕಷ್ಟವೆಂದು ಏಪ್ರಿಲ್‌ನಿಂದಲೇ ಉರಿಗೆ ನೀರು ಬಿಟ್ಟಿರಲಿಲ್ಲ. ಅಲ್ಲಿ ಹಾಕದೆ ಇದ್ದದ್ದು ಪಾಪ, ನಿನ್ನ ಚೆಂಬಿನಲ್ಲಿ ಹಾಕಿದ್ದು ಪಾಪ. ಅಲ್ಲಿಂದ ಹಿಂದಿರುಗುವಾಗ ಇದನ್ನು ನೆನೆದು ಒಬ್ಬನೇ ನಕ್ಕೆ. ನಕ್ಕ ಮೇಲೆ ನಿನ್ನ ಮೇಲಿನ ಸಿಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ.

ಸಹಿ ಹಾಕಲಿಲ್ಲ. ಮೇಲಧಿಕಾರಿಗಳು ಕೂಗಾಡಿದರು. ಬೇರೊಬ್ಬ ಅಧಿಕಾರಿಯನ್ನು ಕರೆಸಿ ಮತ್ತೆ ಅಳೆಸಿದರು. ಅವರಿಗೂ ಅಷ್ಟೇ ಬಂತು. ನಾನು ಸರಿಯೆಂದು ಗೊತ್ತಾದ ಮೇಲೂ ಕೆಲವರು ಮಾತಾಡಿಸುವುದಿಲ್ಲ, ಇರಲಿ. ಈಗ ಅನುಮತಿ ತಡೆದಿದ್ದಾರೆ. ನೀರು ಬಿಡಲು ಶುರು ಮಾಡಿದ್ದಾರೆ, ನಾಲ್ಕು ದಿನದಿಂದ ಚಿಮಣಿಯ ತುದಿ ತಿಳಿಯಾಗಿದೆ. ಇನ್ನು ಐದು ವರ್ಷಕ್ಕೊಮ್ಮೆ ಅಲ್ಲ, ಮೂರು ತಿಂಗಳಿಗೊಮ್ಮೆ ನೋಡುವುದು. ಕಟ್ಟಳೆಗೂ ಒಂದು ಸಾಲು ಸೇರಿಸಿ ಕಳಿಸಿದ್ದೇನೆ: ವಿಷವನ್ನು ಎಲ್ಲಿ ಅಳೆಯುತ್ತಾರೋ ಅಲ್ಲೇ, ಆಗಲೇ, ಮಂಡಳಿಯವರೇ ಆಮ್ಲಜನಕವನ್ನೂ ಅಳೆಯತಕ್ಕದ್ದು. ಇಂಗ್ಲಿಷಿನಲ್ಲಿ ಬಹಳ ಗಂಭೀರವಾಗಿದೆ. ಅದರ ಅರ್ಥ ಇಷ್ಟೇ, ಕೆನೆ ನೋಡಿ.

ಮಗು ಬೀದಿಯಲ್ಲಿ ಆಡುತ್ತಿದೆ. ನನಗೆ ಕೆಮ್ಮು ಇತ್ತು. ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕಡಿಮೆಯಾಗಿದೆ.

ಇನ್ನೊಂದು. ಕೆನೆ ಎತ್ತಿದೆ ಎಂದು ಬರೆದೆ. ಎತ್ತಿದ ಕೆನೆ ಎಲ್ಲಿಗೆ ಹೋಯಿತು ಎಂದು ಬರೆಯಲೇ ಇಲ್ಲ. ಆ ಚಳಿಗಾಲ ಪರೀಕ್ಷೆಗೆ ಓದುವಾಗ ನನ್ನ ಮುದ್ದೆಯ ಮೇಲೆ ದಿನಾ ನಿಂಬೆಗಾತ್ರದ ಬೆಣ್ಣೆ ಇರುತ್ತಿತ್ತು. "ಭಾವನಿಗೆ?" ಎಂದರೆ "ಅವ್ರಿಗೆ ಸೇರಲ್ಲ ಕಣೋ, ನೀನು ತಿನ್ನು" ಎನ್ನುತ್ತಿದ್ದೆ. ಭಾವನಿಗೆ ಬೆಣ್ಣೆ ಸೇರುವುದಿಲ್ಲವೇ ಅಕ್ಕ? ನನ್ನ ಮದುವೆಯಲ್ಲಿ ಅವರು ತಿಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗಿರಿಜಾದೇವಮ್ಮನವರ ಮನೆಗೆ ಒಬ್ಬಳೇ ಹೋಗಬೇಡ. ಸಂಕ್ರಾಂತಿಗೆ ಬರುತ್ತೇನೆ, ಇಬ್ಬರೂ ಹೋಗೋಣ. ತಿಂದವನು ನಾನು.

ಬೈರ


ಕದಿರೇನಹಳ್ಳಿ
22-11-1983, ಮಂಗಳವಾರ

ಬೈರನಿಗೆ,

ನಿನ್ನ ಕಾಗದವನ್ನು ದೇವರ ಮುಂದೆ ಇಟ್ಟು, ಆಮೇಲೆ ಓದಿದೆ. ಮತ್ತೆ ಓದಿದೆ. ನಿಮ್ಮ ಭಾವ "ಏನ್ ಬರ್ದವ್ನೆ?" ಎಂದರು. "ನಿಮಗೆ ಬೆಣ್ಣೆ ಸೇರುತ್ತದಾ ಅಂತ ಕೇಳವ್ನೆ" ಅಂದೆ. "ಈಗ ಕೇಳ್ತಾನಾ ಬಡ್ಡಿಮಗ! ಆ ವರ್ಸ ಎಲ್ಲಾ ವಾಸನೆ ಕುಡ್ಕೊಂಡು ಮುದ್ದೆ ನುಂಗಿವ್ನಿ" ಎಂದು ನಕ್ಕರು. ಅವರಿಗೆ ಎಲ್ಲ ಗೊತ್ತಿತ್ತು. ಒಂದು ದಿನವೂ ಬಾಯಿಬಿಟ್ಟವರಲ್ಲ.

ನೀನು ಒಬ್ಬಳೇ ಹೋಗಬೇಡ ಎಂದೆ. ಆದರೂ ಹೋದೆ. ಸಂಕ್ರಾಂತಿವರೆಗೆ ತಡೆಯಲು ಆಗಲಿಲ್ಲ, ಅವರಿಗೂ ವಯಸ್ಸಾಗಿದೆ, ನನಗೂ ದಾರಿ ಸುತ್ತಿ ಸುತ್ತಿ ಸಾಕಾಗಿದೆ. ಇವತ್ತು ಬೆಳಗ್ಗೆ ಗೌರಿಯ ಹಾಲು ಕರೆದು, ನೊರೆ ಆರುವ ಮೊದಲೇ ಚೆಂಬಿಗೆ ಬಟ್ಟೆ ಕಟ್ಟಿ ನಡೆದುಕೊಂಡೇ ಹೋದೆ.

ಬಾಗಿಲು ಅದೇ. ಬಣ್ಣ ಬೇರೆ.

"ಯಾರು?"

"ನಾನಮ್ಮಾ, ಹಾಲಿನ ಸೊಣ್ಣಮ್ಮ."

"ಕದಿರೇನಹಳ್ಳಿ ಸೊಣ್ಣಮ್ಮನಾ? ಅಯ್ಯೋ, ಕೂದಲೆಲ್ಲ ಬೆಳ್ಳಗಾಗಿದೆಯಲ್ಲೇ! ಬಾ, ಒಳಗೆ ಬಾ."

"ಇಲ್ಲಮ್ಮಾ, ಇಲ್ಲೇ ನಿಂತು ಒಂದು ಮಾತು ಹೇಳ್ಬೇಕು" ಎಂದು ಎಲ್ಲವನ್ನೂ ಹೇಳಿದೆ. ಕೆನೆ ಎತ್ತಿದ್ದು, ನೀರು ಹಾಕಿದ್ದು, ಒಂದನ್ನೂ ಬಿಡಲಿಲ್ಲ. ಅವರು ಕಂಬಕ್ಕೆ ಒರಗಿಕೊಂಡು ಕೇಳಿದರು.

"ಅವತ್ತೇ ಗೊತ್ತಿತ್ತು ಕಣೆ" ಎಂದರು. "ಬೈದಿದ್ರೆ ಬೇರೆ ಮನೆಯವರಿಗೂ ಕೇಳಿಸ್ತಿತ್ತು. ನೀನೇ ಬಂದು ಹೇಳ್ತೀಯ ಅಂತ ಕಾದೆ. ಮಾರನೇ ದಿನ ಬರ್ಲಿಲ್ಲ, ಆ ವಾರ ಬರ್ಲಿಲ್ಲ. ಆಮೇಲೆ ನಾನೂ ಮರೆತೆ. ಈಗೇನೇ ಇದ್ದಕ್ಕಿದ್ದ ಹಾಗೆ?"

"ನನ್ನ ತಮ್ಮ ಗಾಳಿ ಅಳೀತಾನಮ್ಮಾ" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಅಡುಗೆಮನೆಗೆ ಕರೆದುಕೊಂಡು ಹೋದರು, ಕೂತು ನಿನ್ನ ಚಿಮಣಿಯ ಕಥೆ ಹೇಳಿದೆ. ಕೇಳುತ್ತಲೇ ನನ್ನ ಹಾಲನ್ನು ಪಾತ್ರೆಗೆ ಬಗ್ಗಿಸಿ ಗ್ಯಾಸಿನ ಒಲೆಯ ಮೇಲೆ ಇಟ್ಟರು. ಇಬ್ಬರೂ ಅದನ್ನೇ ನೋಡುತ್ತಾ ಮಾತಾಡುತ್ತಿದ್ದೆವು. ಹಾಲು ಉಕ್ಕಿ ಬಂತು. ನನಗೆ ಅಭ್ಯಾಸ ನೋಡು, ಪಕ್ಕದ ಬಿಂದಿಗೆಗೆ ಬೆರಳು ಅದ್ದಿ ಚಿಮುಕಿಸಲು ಹೋದೆ.

"ನೀರು ಹಾಕ್ಬೇಡ ಕಣೇ!" ಎಂದು ಕೂಗಿ ಒಲೆ ಆರಿಸಿಬಿಟ್ಟರು.

ನಾನು ಬೆರಳು ಮೇಲೆ ಹಿಡಿದುಕೊಂಡೇ ನಿಂತಿದ್ದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬೈರ, ಆ ವಯಸ್ಸಿನಲ್ಲಿ ಅವರು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದು ನಕ್ಕರು. ನನಗೆ ನಗುವೋ ಅಳುವೋ ಗೊತ್ತಾಗಲಿಲ್ಲ, ಕಣ್ಣಲ್ಲಿ ನೀರು ಬಂತು.

ಹಾಲು ಆರುವವರೆಗೆ ಕೂರಿಸಿಕೊಂಡರು. ಕಾಫಿ ಕೊಟ್ಟರು, ಹೋದವರ, ಇದ್ದವರ ಸುದ್ದಿ ಎಲ್ಲ ಆಯಿತು. ಆಮೇಲೆ ಚಮಚ ತಂದು ಹಾಲಿನ ಮೇಲೆ ಇಟ್ಟು ಎತ್ತಿ ನೋಡಿದರು. ಕೆನೆ ದಪ್ಪ ಹಾಳೆಯ ಹಾಗೆ ಬಂತು. ಅಮ್ಮ ನನ್ನ ಮಾನ ಕಾಪಾಡಿದಳು.

"ನಾಳೆಯಿಂದ ಅರ್ಧ ಲೀಟರ್ ಹಾಕು" ಎಂದರು. "ಆದ್ರೆ ಹೇಳಿರ್ತೀನಿ, ಕೆನೆ ನೋಡೇ ತಗೊಳ್ಳೋದು."

"ನೋಡಿ ಅಮ್ಮಾ" ಎಂದೆ. "ದಿನಾ ನೋಡಿ."

ನಿನ್ನ ಮ್ಯಾನೇಜರಿಗೂ ಹೇಳು, ಮೂರು ತಿಂಗಳಿಗೊಮ್ಮೆ ನೋಡುತ್ತಾರೆ ಎಂದು ಮುಖ ಗಂಟು ಹಾಕಿಕೊಳ್ಳುವುದು ಬೇಡ. ನೋಡುವವರಿದ್ದರೆ ರಾತ್ರಿ ನಿದ್ದೆ ಬರುತ್ತದೆ. ಇದು ಮಾತ್ರ ನಾನು ಅನುಭವದಿಂದ ಹೇಳುತ್ತಿರುವುದು.

ಹಿಂದಿರುಗುವಾಗ ಆ ಬೀದಿಯಲ್ಲೇ ನಡೆದು ಕಾಂಪ್ಲೆಕ್ಸಿಗೆ ಹೋಗಿ ಉಮಾಳಿಗೆ ಒಂದು ರವಿಕೆ ಬಟ್ಟೆ ತಂದೆ. ಸಂಕ್ರಾಂತಿಗೆ ಇಬ್ಬರೂ ತಪ್ಪದೆ ಬನ್ನಿ. ಬೆಣ್ಣೆ ತೆಗೆದು ಇಟ್ಟಿರುತ್ತೇನೆ, ಈ ಸಲ ನಿಮ್ಮ ಭಾವನಿಗೂ ಇದೆ. ಅದು ನಮ್ಮ ಪಾಲಿನ ಹಾಲಿನದು. ಗಿರಿಜಾದೇವಮ್ಮನ ಕೆನೆ ಗಿರಿಜಾದೇವಮ್ಮನ ಪಾತ್ರೆಯಲ್ಲೇ ಇದೆ.

ಅಕ್ಕ ಸೊಣ್ಣಮ್ಮ